ಹತ್ತೊಂಬತ್ತನೆಯ ಗೇಟು ಯಾವ ಖಾತೆಗೆ ಸೇರಿದ್ದು? ವಿಪತ್ತು ನಿರ್ವಹಣೆಯ ಕಾನೂನು, ನಿಧಿ ಮತ್ತು ಕೊಪ್ಪಳ ಜಿಲ್ಲೆಯ ವ್ಯಾಪಾರ

ದಿನಾಂಕ 10-8-2024ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯವು ಅಂದು ತನ್ನ ಪೂರ್ಣಮಟ್ಟವಾದ 1,633 ಅಡಿಯ ಸಮೀಪದಲ್ಲಿದ್ದು, ಸುಮಾರು 105 ಟಿ.ಎಂ.ಸಿ. ನೀರು ಸಂಗ್ರಹವಾಗಿತ್ತು. ಅದೊಂದೇ ಕಿಂಡಿಯಿಂದ ಸೆಕೆಂಡಿಗೆ ಸುಮಾರು 35,000 ಘನ ಅಡಿ ನೀರು ಹೊರಹೋಗತೊಡಗಿತು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ 11,574 ಕ್ಯೂಸೆಕ್ ನೀರು ಒಂದು ದಿನ ಹರಿದರೆ 1 ಟಿ.ಎಂ.ಸಿ. ಆಗುತ್ತದೆ, ಅಂದರೆ ಆ ಒಂದು ಗೇಟಿನಿಂದಲೇ ದಿನವೊಂದಕ್ಕೆ 3 ಟಿ.ಎಂ.ಸಿ. ನಷ್ಟ. ಉಳಿದ ಗೇಟುಗಳ ಮೇಲಿನ ಒತ್ತಡವನ್ನು ತಗ್ಗಿಸಲು ಅವುಗಳನ್ನೂ ತೆರೆಯಬೇಕಾಯಿತು. ಗೇಟಿನ ಎತ್ತರ 20 ಅಡಿ. ನೀರು ಅದರ ತಳದವರೆಗೆ ಇಳಿದ ಮೇಲೆಯೇ ದುರಸ್ತಿ ಎಂದಾದರೆ ಸುಮಾರು 60 ಟಿ.ಎಂ.ಸಿ. ನೀರನ್ನು ನದಿಗೆ ಬಿಡಬೇಕಾಗುತ್ತಿತ್ತು.

ಕೊಪ್ಪಳ–ಹೊಸಪೇಟೆ ಹೆದ್ದಾರಿಯ ಹಿಟ್ನಾಳದ ಟೋಲ್ ನಾಕೆಯನ್ನು ದಾಟುವ ಲಾರಿಗಳನ್ನು ಗಮನಿಸಿದರೆ ಈ ನೀರಿನ ಬೆಲೆ ಏನೆಂಬುದು ತಿಳಿಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರುಗಳ ಅಕ್ಕಿ, ಭತ್ತದ ಹುಲ್ಲು, ತವುಡು, ರಸಗೊಬ್ಬರ ಇವೆಲ್ಲವೂ ಎಡದಂಡೆ ಕಾಲುವೆಯ ನೀರನ್ನು ನಂಬಿದ ಸರಕುಗಳು. ಹಿಟ್ನಾಳ ಅಂಚೆಯ ವ್ಯಾಪ್ತಿಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಹಾಗೂ ಗಿಣಿಗೇರಿಯ ಕಲ್ಯಾಣಿ ಸ್ಟೀಲ್ಸ್‌ನಂತಹ ಕಬ್ಬಿಣ–ಉಕ್ಕಿನ ಕಾರ್ಖಾನೆಗಳೂ ಇದೇ ಪರಿಸರದಲ್ಲಿ ಬೆಳೆದವು. ಅತ್ತ ಕುಷ್ಟಗಿ, ಯಲಬುರ್ಗಾಗಳ ಎರೆ ಮತ್ತು ಮಸಾರಿ ಭೂಮಿ ಮಳೆಯನ್ನೇ ನೆಚ್ಚಿಕೊಂಡಿವೆ. ಒಂದೇ ಜಿಲ್ಲೆಯಲ್ಲಿ ಒಂದೆಡೆ ಅಣೆಕಟ್ಟೆಯ ಆತಂಕ, ಮತ್ತೊಂದೆಡೆ ಬರದ ಆತಂಕ. ಆದಕಾರಣ ವಿಪತ್ತು ನಿರ್ವಹಣೆಯ ನೀತಿಯು ಕಾಗದದ ಮೇಲೆ ಹೇಗಿದೆ, ಹಣದ ಹರಿವಿನಲ್ಲಿ ಹೇಗಿದೆ ಎಂಬುದನ್ನು ಅಭ್ಯಸಿಸಲು ಕೊಪ್ಪಳಕ್ಕಿಂತ ಸೂಕ್ತವಾದ ಜಿಲ್ಲೆ ಅಪರೂಪ.

19ನೆಯ ಗೇಟಿನ ಕೆಲಸ ಆರು–ಏಳು ದಿನಗಳಲ್ಲಿ ಮುಗಿಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ, 60 ಅಡಿ ಉದ್ದ ಮತ್ತು 4 ಅಡಿ ಎತ್ತರದ ಐದು ಉಕ್ಕಿನ ಭಾಗಗಳನ್ನು ಒಂದರ ಮೇಲೊಂದು ಇಳಿಸಲಾಯಿತು. ಆಗಸ್ಟ್ 16ರಂದು ಮೊದಲ ಭಾಗ ಕುಳಿತಿತು, ಮರುದಿನಕ್ಕೆ ಉಳಿದವು. ಈ ಭಾಗಗಳು ತಯಾರಾದದ್ದು ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ಹಾಗೂ ಹೊಸಪೇಟೆ ಭಾಗದ ಎಂಜಿನಿಯರಿಂಗ್ ಕಾರ್ಯಾಗಾರಗಳಲ್ಲಿ ಎಂಬುದನ್ನು ಉದ್ಯಮಿಗಳು ವಿಶೇಷವಾಗಿ ನೆನಪಿಡಬೇಕು. ಆ ವಾರದಲ್ಲಿ ಅತ್ಯಂತ ಬೆಲೆಬಾಳುವ ಸಂಪನ್ಮೂಲವೆಂದರೆ ದೊಡ್ಡ ಕ್ರೇನು, ದಪ್ಪ ಉಕ್ಕಿನ ತಗಡು ಮತ್ತು ಹಗಲಿರುಳು ಬೆಸುಗೆ ಹಾಕಬಲ್ಲ ಕೈಗಳು. ಇವಾವುವೂ ಸರ್ಕಾರದ ಉಗ್ರಾಣದಲ್ಲಿರಲಿಲ್ಲ. ಮಳೆ ಕೈಹಿಡಿಯಿತು, ಅದೇ ಋತುವಿನಲ್ಲಿ ಜಲಾಶಯ ಮತ್ತೆ ಬಹುಮಟ್ಟಿಗೆ ತುಂಬಿ, ಎರಡನೆಯ ಬೆಳೆಗೂ ನೀರು ದೊರೆಯಿತು. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ಲೆಕ್ಕಪತ್ರದ ದೃಷ್ಟಿಯಿಂದ ಅದು ಇಲ್ಲಿಂದಲೇ ಆರಂಭವಾಗುತ್ತದೆ.

ವ್ಯಾಖ್ಯೆ ವಿಶಾಲ, ಪಟ್ಟಿ ಸಂಕುಚಿತ

ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಕಲಂ 2(ಡಿ) ಪ್ರಕಾರ ವಿಪತ್ತು ಎಂದರೆ ನೈಸರ್ಗಿಕ ಅಥವಾ ಮಾನವನಿರ್ಮಿತ ಕಾರಣಗಳಿಂದ, ಅಪಘಾತದಿಂದ ಅಥವಾ ನಿರ್ಲಕ್ಷ್ಯದಿಂದ ಸಂಭವಿಸಿ, ಗಣನೀಯ ಪ್ರಾಣಹಾನಿ, ಆಸ್ತಿನಾಶ ಅಥವಾ ಪರಿಸರ ಹಾನಿಗೆ ಎಡೆಮಾಡಿ, ಬಾಧಿತ ಸಮುದಾಯವು ತಾನೇ ನಿಭಾಯಿಸಲಾಗದಷ್ಟು ದೊಡ್ಡದಾದ ಘಟನೆ. ಗೇಟಿನ ಸರಪಳಿ ಕಡಿದು ಊರುಗಳು ಮುಳುಗುವಂತಾದರೆ ಅದು ಈ ವ್ಯಾಖ್ಯೆಯೊಳಗೆ ಸಲೀಸಾಗಿ ಬರುತ್ತದೆ.

ಆದರೆ ಹಣ ಬಿಡುಗಡೆಯಾಗುವುದು ವ್ಯಾಖ್ಯೆಯ ಮೇಲಲ್ಲ, ಪಟ್ಟಿಯ ಮೇಲೆ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ವೆಚ್ಚ ಮಾಡಲು ಕೇಂದ್ರವು ಹನ್ನೆರಡು ವಿಪತ್ತುಗಳನ್ನು ಅಧಿಸೂಚಿಸಿತ್ತು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ರಾಜ್ಯವು ತನ್ನ ಸ್ಥಳೀಯ ವಿಪತ್ತುಗಳನ್ನು ಸೇರಿಸಿಕೊಳ್ಳಬಹುದಾದರೂ ಅದಕ್ಕೆ ನಿಧಿಯ ಶೇ. 10ರ ಮಿತಿಯಿದೆ. ಅಣೆಕಟ್ಟೆಯ ಯಂತ್ರಭಾಗದ ವೈಫಲ್ಯ ಈ ಹನ್ನೆರಡರಲ್ಲಿ ಇಲ್ಲ. ಗೇಟು ಮುರಿದು ನೀರು ಆನೆಗೊಂದಿಯ ಹೊಲಕ್ಕೋ ಕಂಪ್ಲಿಯ ಮನೆಗೋ ನುಗ್ಗಿದರೆ ಅದು ನೆರೆಯಾಗುತ್ತದೆ, ಪರಿಹಾರ ದೊರೆಯುತ್ತದೆ. ನುಗ್ಗದಂತೆ ತಡೆದರೆ, ತಡೆಯಲು ತಗುಲಿದ ವೆಚ್ಚವೂ ತಡೆಯುವಾಗ ಆದ ನಷ್ಟವೂ ಯಾವ ಅಂಕಣದಲ್ಲಿಯೂ ಕೂರುವುದಿಲ್ಲ. ಕಾನೂನು ಹಾಗೂ ನಿಧಿಗಳ ನಡುವಿನ ಈ ಬಿರುಕನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ವಿವರಗಳೂ ಅರ್ಥವಾಗುತ್ತವೆ.

ನಿಧಿಯ ರಚನೆ

ಪರಿಹಾರಕ್ಕೆ ಪ್ರತ್ಯೇಕ ನಿಧಿ ಇಡುವ ಪದ್ಧತಿ 9ನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರ ದಶಕದ ಆರಂಭದಲ್ಲಿ ಬಂದಿತು. ಆಗ ಅದರ ಹೆಸರು ವಿಪತ್ತು ಪರಿಹಾರ ನಿಧಿ. 2001ರ ಹಣಕಾಸು ಅಧಿನಿಯಮದ ಮೂಲಕ ರಾಷ್ಟ್ರೀಯ ವಿಪತ್ತು ಆಕಸ್ಮಿಕ ಸುಂಕವನ್ನು ವಿಧಿಸಲಾಯಿತು. ಪಾನ್ ಮಸಾಲ, ಸಿಗರೇಟುಗಳ ವ್ಯಾಪಾರಿಗಳಿಗೆ ಇದು ಪರಿಚಿತವೇ, ಜಿ.ಎಸ್.ಟಿ. ಬಂದ ಮೇಲೂ ತಂಬಾಕು ಉತ್ಪನ್ನಗಳ ಮೇಲೆ ಅದು ಉಳಿದುಕೊಂಡಿತು. 2010ರಿಂದ ರಾಜ್ಯ ಮತ್ತು ರಾಷ್ಟ್ರೀಯ ಮಟ್ಟದ ವಿಪತ್ತು ಪರಿಹಾರ ನಿಧಿಗಳು 2005ರ ಅಧಿನಿಯಮದ ಆಧಾರದ ಮೇಲೆ ನಡೆಯುತ್ತಿವೆ.

15ನೆಯ ಹಣಕಾಸು ಆಯೋಗವು 2021–26ರ ಐದು ವರ್ಷಗಳಿಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗಳಿಗೆಂದು ಒಟ್ಟು 1,60,153 ಕೋಟಿ ರೂ. ನಿಗದಿಪಡಿಸಿತು. ಕರ್ನಾಟಕದಂತಹ ಸಾಮಾನ್ಯ ರಾಜ್ಯಗಳಿಗೆ ಕೇಂದ್ರದ ಪಾಲು ಶೇ. 75, ರಾಜ್ಯದ ಪಾಲು ಶೇ. 25. ಈ ಹಣದ ಪ್ರತಿ 100 ರೂ.ಗಳಲ್ಲಿ 40 ತಕ್ಷಣದ ಪರಿಹಾರಕ್ಕೆ, 30 ಪುನರ್‌ನಿರ್ಮಾಣಕ್ಕೆ, 10 ಸನ್ನದ್ಧತೆಗೆ, ಉಳಿದ 20 ವಿಪತ್ತು ಉಪಶಮನ ನಿಧಿಗೆ. ವಿಪತ್ತು ಬರುವ ಮುನ್ನ ಖರ್ಚು ಮಾಡಲೆಂದೇ ಒಂದು ನಿಧಿ ಏರ್ಪಟ್ಟದ್ದು ನಿಜಕ್ಕೂ ದೊಡ್ಡ ಬದಲಾವಣೆ. ಆದರೂ ಅದೇ ಆಯೋಗವು ಉಪಶಮನ ನಿಧಿಯನ್ನು ಸ್ಥಳೀಯ ಹಾಗೂ ಸಮುದಾಯ ಮಟ್ಟದ ಕೆಲಸಗಳಿಗೆ ಬಳಸಬೇಕೆಂದೂ, ತಡೆಗೋಡೆ, ದಂಡೆ ಮುಂತಾದ ಬೃಹತ್ ಕಾಮಗಾರಿಗಳು ಸಾಮಾನ್ಯ ಅಭಿವೃದ್ಧಿ ಯೋಜನೆಗಳಿಂದಲೇ ನಡೆಯಬೇಕೆಂದೂ ಹೇಳಿತು. ತರ್ಕ ಸರಿಯಾದುದೇ. ಪರಿಣಾಮವೇನೆಂದರೆ ಹಳೆಯ ಗೇಟಿನ ಬದಲಾವಣೆಗೆ ವಿಪತ್ತು ನಿಧಿಯ ಬಾಗಿಲು ಇಲ್ಲ. ಅದು ನೀರಾವರಿ ಇಲಾಖೆಗಳ ವಾರ್ಷಿಕ ನಿರ್ವಹಣಾ ಅನುದಾನದ ಸಾಲಿನಲ್ಲಿ ನಿಲ್ಲಬೇಕು. ಆದಾಯ ಕುಸಿದ ವರ್ಷಗಳಲ್ಲಿ ಮೊದಲು ಕತ್ತರಿ ಬೀಳುವುದು ನಿರ್ವಹಣಾ ಅನುದಾನಕ್ಕೆ ಎಂಬುದು ಯಾವುದೇ ಮುಂಗಡಪತ್ರವನ್ನು ಓದಿದವರಿಗೆ ಗೊತ್ತಿರುವ ಸಂಗತಿ.

ಲೆಕ್ಕಶೀರ್ಷಿಕೆಗಳ ಬಗ್ಗೆ ಆಸಕ್ತಿಯುಳ್ಳವರಿಗೆ ಒಂದು ಮಾತು. ನಿಧಿಯು ರಾಜ್ಯದ ಸಾರ್ವಜನಿಕ ಲೆಕ್ಕದಲ್ಲಿ, ಬಡ್ಡಿಸಹಿತ ಮೀಸಲು ನಿಧಿಗಳ 8121ನೆಯ ಶೀರ್ಷಿಕೆಯಡಿ ಇರುತ್ತದೆ. ವೆಚ್ಚವು 2245ನೆಯ ಶೀರ್ಷಿಕೆಯಲ್ಲಿ ಕಾಣಿಸುತ್ತದೆ. ಮುಂಗಡಪತ್ರದ ಸಂಪುಟಗಳಲ್ಲಿ ಇವೆರಡನ್ನು ನೋಡುವ ಅಭ್ಯಾಸವಿದ್ದರೆ ಸಭೆಗಳಲ್ಲಿ ಕೇಳಿಬರುವ ಅರ್ಧದಷ್ಟು ವಾದವಿವಾದ ಅನಗತ್ಯವಾಗುತ್ತದೆ.

ಪಟ್ಟಿಯಲ್ಲಿದ್ದರೂ ತಡ: 2023ರ ಬರ

ಬರವು ಪಟ್ಟಿಯಲ್ಲಿದೆ. ಅದಕ್ಕೆ 2016ರ ಬರ ನಿರ್ವಹಣಾ ಕೈಪಿಡಿಯಿದೆ. ಮಳೆಯ ಕೊರತೆ, ತೇವಾಂಶ, ಉಪಗ್ರಹದಿಂದ ಕಾಣುವ ಹಸಿರಿನ ಸೂಚ್ಯಂಕಗಳ ಮಾನದಂಡವಿದೆ. ದೇಶದಲ್ಲಿಯೇ ಮೊದಲಿಗೆ 1988ರಲ್ಲಿ ಬರ ನಿಗಾ ಘಟಕವನ್ನು ಸ್ಥಾಪಿಸಿದ ರಾಜ್ಯ ಕರ್ನಾಟಕ. ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದರ ಮುಂದುವರಿಕೆ. ಮಾಹಿತಿಯ ಕೊರತೆಯಿಂದ ಇಲ್ಲಿ ಏನೂ ನಿಲ್ಲುವುದಿಲ್ಲ.

ಹೀಗಿದ್ದೂ 2023ರಲ್ಲಿ ನಡೆದದ್ದೇನು? ಸೆಪ್ಟೆಂಬರಿನಲ್ಲಿ ಮೊದಲ ಘೋಷಣೆಯಾಯಿತು. ಕ್ರಮೇಣ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆನಿಸಿದವು. ರಾಜ್ಯ ಸರ್ಕಾರ 18,171 ಕೋಟಿ ರೂ.ಗಳ ನೆರವು ಕೋರಿತು. ಅಕ್ಟೋಬರಿನಲ್ಲಿ ಕೇಂದ್ರ ತಂಡ ಬಂದು ಹೋಯಿತು. 2024ರ ಜನವರಿಯಲ್ಲಿ ರಾಜ್ಯವು ತನ್ನ ಕಡೆಯಿಂದ ರೈತರಿಗೆ ಗರಿಷ್ಠ 2,000 ರೂ.ಗಳ ಮೊದಲ ಕಂತನ್ನು ನೀಡಿತು. ಮಾರ್ಚ್ ತಿಂಗಳಲ್ಲಿ ಸಂವಿಧಾನದ 32ನೆಯ ವಿಧಿಯಡಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ಏಪ್ರಿಲ್ ಕೊನೆಯಲ್ಲಿ, ಲೋಕಸಭಾ ಚುನಾವಣೆಯ ನಡುವೆ, ಕೇಂದ್ರವು 3,454 ಕೋಟಿ ರೂ. ಬಿಡುಗಡೆ ಮಾಡಿತು.

ರಾಜ್ಯದ ಮನವಿ ವಿಳಂಬವಾಯಿತೆಂದು ಒಂದು ಪಕ್ಷ, ಕೇಂದ್ರ ಮಲತಾಯಿ ಧೋರಣೆ ತೋರಿತೆಂದು ಇನ್ನೊಂದು ಪಕ್ಷ. ಇವೆರಡರ ಸತ್ಯಾಸತ್ಯತೆಯನ್ನು ಬದಿಗಿಟ್ಟು ದಿನಾಂಕಗಳನ್ನಷ್ಟೇ ನೋಡಿದರೂ ಸಾಕು. ಸೆಪ್ಟೆಂಬರಿನಲ್ಲಿ ಒಣಗಿದ ಸಜ್ಜೆ, ಮೆಕ್ಕೆಜೋಳಕ್ಕೆ ಏಪ್ರಿಲ್‌ನಲ್ಲಿ ಹಣ ಬಂದರೆ, ನಡುವಿನ ಏಳು ತಿಂಗಳ ಹೊರೆಯನ್ನು ಹೊರುವವರು ಯಾರು? ಯಲಬುರ್ಗಾ, ಕುಷ್ಟಗಿಗಳ ಬೀಜ–ಗೊಬ್ಬರದ ಅಂಗಡಿಯವರು, ದಲಾಲಿ ಅಂಗಡಿಗಳು, ಕಿರಾಣಿ ವ್ಯಾಪಾರಿಗಳು. ಅವರ ಉದ್ದರಿ ಖಾತೆಯೇ ಈ ನಾಡಿನ ಅಘೋಷಿತ ವಿಪತ್ತು ನಿಧಿ. ಆ ನಿಧಿಗೆ ಕೇಂದ್ರದ ಪಾಲೂ ಇಲ್ಲ, ರಾಜ್ಯದ ಪಾಲೂ ಇಲ್ಲ. ವಸೂಲಾಗದಿದ್ದರೆ ಡೂಬಾದ ಸಾಲವೆಂದು ವರ್ಷಾಂತ್ಯದಲ್ಲಿ ಬರೆದುಹಾಕುವುದೊಂದೇ ದಾರಿ.

ಪರಿಹಾರದ ದರವೂ ಗಮನಾರ್ಹ. 2022ರಿಂದ 2026ರವರೆಗಿನ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ.; ಗರಿಷ್ಠ 2 ಹೆಕ್ಟೇರ್. ಇದು ಬೆಳೆಯ ಬೆಲೆಯಲ್ಲ, ಮುಂದಿನ ಬಿತ್ತನೆಗೆ ಒದಗಿಸುವ ಸಹಾಯಧನ ಮಾತ್ರ. 2021ರ ಡಿಸೆಂಬರಿನಲ್ಲಿ ಕರ್ನಾಟಕವು ಅಂದಿನ 6,800 ರೂ.ಗಳನ್ನು 13,600ಕ್ಕೂ, 13,500ನ್ನು 25,000ಕ್ಕೂ, 18,000ನ್ನು 28,000ಕ್ಕೂ ಹೆಚ್ಚಿಸಿತು. ಹೆಚ್ಚುವರಿ ಮೊತ್ತ ರಾಜ್ಯದ ಸ್ವಂತ ಬೊಕ್ಕಸದ್ದು. ಒಂದು ವರ್ಷ ದುಪ್ಪಟ್ಟು ದರ, ಇನ್ನೊಂದು ವರ್ಷ ಮೂಲದರ ಎಂಬಂತಾದಾಗ ಪರಿಹಾರವು ನಿಯಮದ ಹಕ್ಕಾಗಿ ಉಳಿಯದೆ ಸರ್ಕಾರದ ಔದಾರ್ಯವಾಗಿ ತೋರುತ್ತದೆ. ರಾಜಕಾರಣಕ್ಕೆ ಅದು ಅನುಕೂಲ. ಯೋಜನೆ ಹಾಕಿಕೊಳ್ಳಬೇಕಾದವರಿಗೆ ಅಲ್ಲ.

ಗೇಟು ಯಾರದು?

ತುಂಗಭದ್ರಾ ಯೋಜನೆಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದಾಗ ಅದು ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯಗಳ ಜಂಟಿ ಸಾಹಸ. 1953ರಲ್ಲಿ ಆಂಧ್ರ ರಾಜ್ಯ ರಚನೆಯ ಅಧಿನಿಯಮದಡಿ ತುಂಗಭದ್ರಾ ಮಂಡಳಿ ಏರ್ಪಟ್ಟಿತು. ಮಂಡಳಿಯ ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳಿಗೆ ಪ್ರಾತಿನಿಧ್ಯವಿದೆ. ವೆಚ್ಚವನ್ನು ರಾಜ್ಯಗಳು ಭರಿಸುತ್ತವೆ. ಎಡದಂಡೆ ಕಾಲುವೆಯ ಆಡಳಿತ ಕರ್ನಾಟಕ ನೀರಾವರಿ ನಿಗಮದ್ದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಒಂದು ದಂಡೆ ಕೊಪ್ಪಳ ಜಿಲ್ಲಾಡಳಿತಕ್ಕೆ, ಮತ್ತೊಂದು ದಂಡೆ ಹೊಸಪೇಟೆಯ ಜಿಲ್ಲಾಡಳಿತಕ್ಕೆ ಸೇರಿದೆ.

ಇಂತಹ ರಚನೆಯಲ್ಲಿ ಹೊಣೆಯು ಎಲ್ಲರದೂ ಆಗಿರುತ್ತದೆ, ಆದ್ದರಿಂದ ಯಾರದೂ ಆಗಿರುವುದಿಲ್ಲ. 2024ರ ಆಗಸ್ಟ್‌ನಲ್ಲಿ ವಿರೋಧ ಪಕ್ಷವು ರಾಜ್ಯ ಸರ್ಕಾರದ ನಿರ್ಲಕ್ಷ್ಯವೆಂದು ಟೀಕಿಸಿತು. ರಾಜ್ಯ ಸರ್ಕಾರವು ಮಂಡಳಿಯ ಸ್ವರೂಪವನ್ನು ಮುಂದಿಟ್ಟಿತು. ಇಬ್ಬರ ಮಾತಿನಲ್ಲಿಯೂ ಅಂಶವಿತ್ತು ಎಂಬುದೇ ಸಮಸ್ಯೆಯ ಮೂಲ.

ಜಿಲ್ಲಾ ಮಟ್ಟದಲ್ಲಿ 2005ರ ಅಧಿನಿಯಮವು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವನ್ನು ವಿಧಿಸಿದೆ. ಚುನಾಯಿತ ಜಿಲ್ಲಾ ಪಂಚಾಯತ್ ಅಧ್ಯಕ್ಷರು ಅದರ ಸಹ ಅಧ್ಯಕ್ಷರು. ಅಧಿಕಾರಿಗಳ ನಡುವೆ ಜನರ ಧ್ವನಿ ಇರಲೆಂಬ ಉದ್ದೇಶ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದು, ಅನಂತರ ವರ್ಷಗಳ ಕಾಲ ಚುನಾವಣೆ ನಡೆಯಲಿಲ್ಲ. ಗೇಟು ಮುರಿದ ರಾತ್ರಿಯೂ ಆ ಅವಧಿಯೊಳಗೇ ಬರುತ್ತದೆ. ಪ್ರಾಧಿಕಾರದಲ್ಲಿ ಚುನಾಯಿತ ಸಹ ಅಧ್ಯಕ್ಷರ ಆಸನ ಖಾಲಿಯಿತ್ತು. ಇದನ್ನು ಯಾರೂ ಪ್ರಸ್ತಾಪಿಸದಿರುವುದೇ ಅಚ್ಚರಿ.

ಸವಕಳಿ ಇಲ್ಲದ ಲೆಕ್ಕ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಬಾಯ್ಲರನ್ನು ತೆಗೆದುಕೊಳ್ಳಿ. ಕೊಂಡ ವರ್ಷದಿಂದಲೇ ಅದರ ಮೇಲೆ ಸವಕಳಿ ಬರೆಯಲಾಗುತ್ತದೆ. ಅದರ ಪುಸ್ತಕ ಬೆಲೆ ಶೂನ್ಯದ ಸಮೀಪಕ್ಕೆ ಬಂದಾಗ ಲೆಕ್ಕಪತ್ರವೇ ಮಾಲೀಕರಿಗೆ ಎಚ್ಚರಿಕೆ ನೀಡುತ್ತದೆ, ಬ್ಯಾಂಕಿನವರೂ ಪ್ರಶ್ನಿಸುತ್ತಾರೆ. ಸರ್ಕಾರಿ ಲೆಕ್ಕ ನಗದು ಆಧಾರದ್ದು. ಹಣ ಪಾವತಿಯಾದ ವರ್ಷ ವೆಚ್ಚ ದಾಖಲಾಗುತ್ತದೆ. ಆಮೇಲೆ ಆ ಆಸ್ತಿ ಸವೆಯುತ್ತಿದೆ ಎಂದು ಹೇಳುವ ಸಾಲು ಎಲ್ಲಿಯೂ ಇರುವುದಿಲ್ಲ. ಗೇಟಿನ ಆಯುಷ್ಯ 50 ವರ್ಷವೆಂದು ಊಹಿಸಿ ಅದರ ಬೆಲೆಯ ಶೇ. 2ನ್ನು ವರ್ಷವರ್ಷವೂ ತೆಗೆದಿಟ್ಟಿದ್ದರೆ, ಬದಲಾವಣೆಯ ಹಣದ ಬಹುಭಾಗ ಈ ಶತಮಾನದ ಆರಂಭಕ್ಕೇ ಕೈಯಲ್ಲಿರುತ್ತಿತ್ತು. ಬೆಲೆಯೇರಿಕೆಗೆ ಬಡ್ಡಿ ಸ್ವಲ್ಪಮಟ್ಟಿಗೆ ಒದಗುತ್ತಿತ್ತು.

ಸರ್ಕಾರಿ ಲೆಕ್ಕವನ್ನು ಸಂಚಯ ಪದ್ಧತಿಗೆ ಬದಲಾಯಿಸಬೇಕೆಂಬ ಮಾತು ಹಳೆಯದು. ಇದಕ್ಕಾಗಿ 2002ರಲ್ಲಿ ಸಲಹಾ ಮಂಡಳಿ ರಚನೆಯಾಯಿತು. 12ನೆಯ ಹಣಕಾಸು ಆಯೋಗ ಶಿಫಾರಸು ಮಾಡಿತು. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು 2006ರ ನಿಯಮಗಳಂತೆ ಜಮಾ–ಖರ್ಚಿನ ದ್ವಿನಮೂದು ಪದ್ಧತಿಗೆ ಬಂದವು. ಹೀಗಾಗಿ ಗಂಗಾವತಿಯ ನಗರಸಭೆ ತನ್ನ ಚರಂಡಿಯ ಮೇಲೆ ಸವಕಳಿ ತೋರಿಸಬೇಕು. ಆದರೆ ಮೂರು ರಾಜ್ಯಗಳು ಅವಲಂಬಿಸಿರುವ ಅಣೆಕಟ್ಟೆಯ 33 ಗೇಟುಗಳು ಸವೆಯುತ್ತಿವೆ ಎಂದು ಯಾವ ರಾಜ್ಯದ ಮುಂಗಡಪತ್ರವೂ ಎಪ್ಪತ್ತು ವರ್ಷ ಹೇಳಲಿಲ್ಲ. ಹೂಳಿನ ಕಥೆಯೂ ಇದೇ. ಮೂಲತಃ ಸುಮಾರು 132 ಟಿ.ಎಂ.ಸಿ. ಇದ್ದ ಸಾಮರ್ಥ್ಯ ಸಮೀಕ್ಷೆಯ ಪ್ರಕಾರ 105.788 ಟಿ.ಎಂ.ಸಿ.ಗೆ ಇಳಿದಿದೆ. ಸುಮಾರು 27 ಟಿ.ಎಂ.ಸಿ. ಕಳೆದುಹೋದ ಈ ನಿಧಾನಗತಿಯ ನಷ್ಟ, ಗೇಟಿನಿಂದ ಒಂದು ವಾರದಲ್ಲಿ ಹರಿದುಹೋದ ನೀರಿನಂತೆ ಕಣ್ಣಿಗೆ ಕಾಣುವುದಿಲ್ಲ. ನವಲಿಯ ಸಮಾನಾಂತರ ಜಲಾಶಯದ ಪ್ರಸ್ತಾಪ ಇದೇ ಕೊರತೆಯನ್ನು ತುಂಬಲು ಹುಟ್ಟಿಕೊಂಡದ್ದು.

ಅಣೆಕಟ್ಟೆ ಸುರಕ್ಷತಾ ಅಧಿನಿಯಮ, 2021 ಈ ದಿಸೆಯಲ್ಲಿ ಒಂದು ಹೆಜ್ಜೆ. ಅದು 2021ರ ಡಿಸೆಂಬರ್ 30ರಿಂದ ಜಾರಿಗೆ ಬಂದಿದೆ. ಮುಂಗಾರಿಗೆ ಮುನ್ನ ಹಾಗೂ ನಂತರ ತಪಾಸಣೆ, ಪ್ರತ್ಯೇಕ ಸುರಕ್ಷತಾ ಘಟಕ, ನಿರ್ವಹಣೆಗೆ ಸಾಕಷ್ಟು ಹಣ ಮೀಸಲಿಡುವುದು, ಇವೆಲ್ಲ ಅಣೆಕಟ್ಟೆಯ ಒಡೆತನವುಳ್ಳವರ ಕರ್ತವ್ಯ. 2024ರ ಘಟನೆಯ ಬಳಿಕ, ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿಯು ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಸಲಹೆ ಮಾಡಿತು.

ಎರಡು ವರ್ಷ, ಒಂದೇ ಹೊಲ

ಸಲಹೆ ಬಂದಿತು, ಅದರ ಬೆಲೆಯನ್ನು ತೆತ್ತವರಾರೆಂಬುದನ್ನು ಇನ್ನು ನೋಡಬೇಕು. 2025ರ ಮಳೆಗಾಲದಲ್ಲಿ ಮುನ್ನೆಚ್ಚರಿಕೆಯಾಗಿ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಿಗೊಳಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೂ ಕೆಲವು ಗೇಟುಗಳು ಸರಿಯಾಗಿ ಕಾರ್ಯನಿರ್ವಹಿಸುತ್ತಿಲ್ಲವೆಂಬುದು ಬೆಳಕಿಗೆ ಬಂದಿತು. ನವೆಂಬರಿನಲ್ಲಿ, ಗೇಟುಗಳ ಬದಲಾವಣೆಗಾಗಿ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಡಿಸೆಂಬರಿನಲ್ಲಿ ಹಳೆಯ ಗೇಟುಗಳನ್ನು ತೆಗೆಯುವ ಕೆಲಸ ಆರಂಭವಾಯಿತು. ರೈತ ಸಂಘಟನೆಗಳು ಎಕರೆವಾರು ಪರಿಹಾರ ಕೇಳಿದವು.

ತೀರ್ಮಾನ ಸರಿಯಾದುದೇ, ತುಂಬಿದ ಜಲಾಶಯದಲ್ಲಿ ಗೇಟು ಬದಲಿಸಲಾಗದು. ಆದರೆ 2023–24ನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂದೂ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. ಕಾರಣ ಮಳೆಯ ಕೊರತೆ. ಬಿತ್ತದ ಬೆಳೆಗೆ ಸಹಾಯಧನ ಅಂದೂ ಇರಲಿಲ್ಲವಾದರೂ, ಬರಪೀಡಿತ ತಾಲ್ಲೂಕೆಂಬ ಘೋಷಣೆಯ ಆಧಾರದ ಮೇಲೆ ಬ್ಯಾಂಕ್ ಸಾಲದ ಮರುಹೊಂದಾಣಿಕೆಯಂತಹ ಸೌಲಭ್ಯಗಳಿಗೆ ಅವಕಾಶವಿತ್ತು. 2025–26ರಲ್ಲಿ ಅದೇ ಹೊಲ, ಅದೇ ಬೆಳೆ, ಅದೇ ಗಿರಣಿ, ಕಾರಣ ದುರಸ್ತಿ. ವಿಪತ್ತು ಎಂಬ ಮುದ್ರೆಯಿಲ್ಲದ ಕಾರಣ ವಿಪತ್ತಿನ ಯಾವ ಬಾಗಿಲೂ ತಾನಾಗಿ ತೆರೆಯದು. ಕೊಡುವುದಿದ್ದರೆ ಸರ್ಕಾರದ ವಿಶೇಷ ಆದೇಶವೇ ಆಗಬೇಕು. ಫಸಲ್ ಬಿಮಾ ಯೋಜನೆಯಲ್ಲಿ ಬಿತ್ತನೆ ಸಾಧ್ಯವಾಗದಿದ್ದಾಗ ಪರಿಹಾರ ನೀಡುವ ಉಪಬಂಧವಿದೆ. ಅದು ಪ್ರತಿಕೂಲ ಹವಾಮಾನಕ್ಕೆ ಸಂಬಂಧಿಸಿದ್ದೇ ಹೊರತು, ಕಾಲುವೆಗೆ ನೀರು ಬಿಡದ ಆಡಳಿತಾತ್ಮಕ ತೀರ್ಮಾನಕ್ಕಲ್ಲ.

ಗಿರಣಿಯ ಲೆಕ್ಕವೂ ಹೀಗೆಯೇ. ಬೇಸಿಗೆ ಭತ್ತ ಬಾರದಿದ್ದರೂ ವಿದ್ಯುತ್ತಿನ ನಿಗದಿತ ಬೇಡಿಕೆ ಶುಲ್ಕ, ಅವಧಿ ಸಾಲದ ಕಂತು, ಕಾಯಂ ನೌಕರರ ಸಂಬಳ ನಿಲ್ಲುವುದಿಲ್ಲ. ದಾಸ್ತಾನು ಇಳಿದಂತೆ ಕ್ಯಾಷ್ ಕ್ರೆಡಿಟ್ ಖಾತೆಯಲ್ಲಿ ಹಣ ತೆಗೆಯುವ ಮಿತಿಯೂ ಇಳಿಯುತ್ತದೆ. ಹಮಾಲರು ಬೇರೆ ಊರಿಗೆ ಹೋದರೆ ಮರುಹಂಗಾಮಿಗೆ ಮರಳುವ ಭರವಸೆಯಿಲ್ಲ. ಲಾಭನಷ್ಟದ ವಿಮೆ ಪಡೆದವರೂ ತಿಳಿಯಬೇಕಾದ ಅಂಶವೆಂದರೆ, ಆ ವಿಮೆ ಅನ್ವಯಿಸಲು ಮೊದಲು ವಿಮೆಗೊಳಪಟ್ಟ ಆಸ್ತಿಗೆ ಭೌತಿಕ ಹಾನಿಯಾಗಿರಬೇಕು. ಕಚ್ಚಾವಸ್ತು ಬಾರದೆ ಯಂತ್ರ ಸುಮ್ಮನೆ ನಿಂತರೆ ಅದು ಹಾನಿಯಲ್ಲ. ಹೀಗೆ, ವಿಪತ್ತನ್ನು ತಡೆಯುವ ಕ್ರಮದ ಸಂಪೂರ್ಣ ಹೊರೆಯು ಒಂದು ಅಚ್ಚುಕಟ್ಟಿನ ರೈತರು, ಕೂಲಿಕಾರರು, ಗಿರಣಿಗಳ ಮೇಲೆ ಬೀಳುತ್ತದೆ. ಅದರ ಲಾಭ ಮೂರು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ವಿಪತ್ತು ಉಪಶಮನ ನಿಧಿಯ ನಿಯಮಗಳಲ್ಲಿ, ಸುರಕ್ಷತಾ ಕಾಮಗಾರಿಗಾಗಿ ಉದ್ದೇಶಪೂರ್ವಕವಾಗಿ ಬಿಟ್ಟುಕೊಟ್ಟ ಹಂಗಾಮಿಗೆ ಒಂದು ನಿಗದಿತ ದರವನ್ನು ಸೇರಿಸುವುದು ಅಸಾಧ್ಯವೇನಲ್ಲ. ಹಾಗೆ ಮಾಡದಿದ್ದರೆ ಮುಂದಿನ ಬಾರಿ ದುರಸ್ತಿಯನ್ನು ಒಂದು ವರ್ಷ ಮುಂದೂಡಿರೆಂಬ ಒತ್ತಡವು ರೈತರಿಂದಲೂ ಉದ್ಯಮಿಗಳಿಂದಲೂ ಬರುವುದು ಸಹಜ. ಅಂತಹ ಮುಂದೂಡಿಕೆಗಳೇ ಸರಪಳಿಯನ್ನು ತೆಳುವಾಗಿಸುವುದು.

ತುರ್ತು ಖರೀದಿ ಮತ್ತು ಸರಬರಾಜುದಾರರು

ತುರ್ತು ಸಂದರ್ಭದಲ್ಲಿ ಟೆಂಡರ್ ಇಲ್ಲದೆ ಖರೀದಿಸಲು 2005ರ ಅಧಿನಿಯಮದ ಕಲಂ 50 ಅವಕಾಶ ಕೊಡುತ್ತದೆ. ಅಧಿಕೃತ ನಿಯಂತ್ರಣಾಧಿಕಾರಿಯು ನೀಡಿದ ಬಳಕೆಯ ಪ್ರಮಾಣಪತ್ರವೇ ಲೆಕ್ಕಕ್ಕೆ ಸಿಂಧುವಾದ ವೋಚರು. ರಾಜ್ಯದ 1999ರ ಪಾರದರ್ಶಕತೆ ಅಧಿನಿಯಮದ ಕಲಂ 4(ಎ) ಕೂಡ ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತುಸ್ಥಿತಿಯಲ್ಲಿ ವಿನಾಯಿತಿ ನೀಡುತ್ತದೆ. ಕಲಂ 65ರಡಿ ವಾಹನ, ಕಟ್ಟಡ, ಸಾಮಗ್ರಿಗಳನ್ನು ವಶಕ್ಕೆ ಪಡೆಯುವ ಅಧಿಕಾರವಿದ್ದು, ಕಲಂ 66ರಂತೆ ಅದಕ್ಕೆ ಹಣ ಸಲ್ಲಬೇಕು. ಲಾರಿ, ಜೆ.ಸಿ.ಬಿ., ಗೋದಾಮುಗಳ ಮಾಲೀಕರು ಈ ಎರಡನೆಯ ಕಲಮನ್ನು ಮೊದಲನೆಯದರಷ್ಟೇ ಚೆನ್ನಾಗಿ ಅರಿತಿರಬೇಕು.

ತುರ್ತಿನ ಖರೀದಿ ತುರ್ತಿನೊಂದಿಗೆ ಮುಗಿಯುವುದಿಲ್ಲ. ಕೋವಿಡ್ ಕಾಲದ ಖರೀದಿಗಳನ್ನು ಪರಿಶೀಲಿಸಲು 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗವನ್ನು ನೇಮಿಸಲಾಯಿತು. ಮೂರು ವರ್ಷಗಳ ನಂತರವೂ ಪ್ರಶ್ನೆ ಬರಬಹುದು ಎಂದರ್ಥ. ಬಾಯಿಮಾತಿನ ಆದೇಶದ ಮೇಲೆ ಸಾಮಗ್ರಿ ಕಳುಹಿಸಿದರೂ, ಅದೇ ದಿನ ಸಾಗಣೆ ಚೀಟಿಗೆ ಅಧಿಕಾರಿಯ ಸಹಿ, ವಾಹನದ ಸಂಖ್ಯೆ, ತೂಕದ ಚೀಟಿಗಳನ್ನು ಪಡೆದಿಟ್ಟುಕೊಳ್ಳುವುದು ಒಳಿತು.

ದಾನದ ವಿಷಯದಲ್ಲಿ ಸಂಕ್ಷಿಪ್ತವಾಗಿ: 2009ರ ನೆರೆಯ ಬಳಿಕ ಆಸರೆ ಯೋಜನೆಯಲ್ಲಿ ಕಂಪನಿಗಳು ಗ್ರಾಮಗಳನ್ನೇ ದತ್ತು ಪಡೆದು ಮನೆ ಕಟ್ಟಿಸಿದವು. ಇಂದು ಕಂಪನಿ ಕಾಯಿದೆಯ 7ನೆಯ ಅನುಸೂಚಿಯಲ್ಲಿ ವಿಪತ್ತು ನಿರ್ವಹಣೆ 2019ರಿಂದ ಸೇರಿದೆ. ಆದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟ ಹಣ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಪರಿಗಣಿತವಾಗುವುದಿಲ್ಲ. ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟದ್ದು ಪರಿಗಣಿತವಾಗುತ್ತದೆ ಎಂದು ಕೋವಿಡ್ ಸಂದರ್ಭದಲ್ಲಿ ಸ್ಪಷ್ಟಪಡಿಸಲಾಯಿತು. ತೆರಿಗೆ ರೂಪದ ಕೊಡುಗೆಗೂ ಉದಾಹರಣೆಯಿದೆ: ಕೇರಳವು 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ ನೆರೆ ಸೆಸ್ ವಿಧಿಸಿತ್ತು.

ಅಂಗಡಿ–ಗಿರಣಿಗಳ ಮಟ್ಟದಲ್ಲಿ

2021ರ ಏಪ್ರಿಲ್ 1ರಿಂದ ಒಂದು ಸ್ಥಳದ ಒಟ್ಟು ಆಸ್ತಿ 5 ಕೋಟಿ ರೂ.ವರೆಗಿದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, 5ರಿಂದ 50 ಕೋಟಿ ರೂ.ವರೆಗಿದ್ದರೆ ಭಾರತ್ ಲಘು ಉದ್ಯಮ ಸುರಕ್ಷಾ ವಿಮಾಪತ್ರಗಳು ಜಾರಿಯಲ್ಲಿವೆ. ನೆರೆ ಹಾಗೂ ಜಲಾವೃತದ ಅಪಾಯ ಇವುಗಳಲ್ಲಿ ಸೇರಿದೆ. ವಿಮಾಮೊತ್ತವು ಆಸ್ತಿಯ ಬೆಲೆಗಿಂತ ಶೇ. 15ರವರೆಗೆ ಕಡಿಮೆಯಿದ್ದರೆ ಕಡಿತವಿಲ್ಲ; ಅದಕ್ಕಿಂತ ಕಡಿಮೆಯಿದ್ದರೆ ಪರಿಹಾರವೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಸುಗ್ಗಿಯಲ್ಲಿ ದಾಸ್ತಾನು ಮೂರುಪಟ್ಟಾಗುವ ಕಾರಟಗಿಯಂತಹ ಪೇಟೆಯಲ್ಲಿ ವರ್ಷದ ಸರಾಸರಿಯ ಮೇಲೆ ವಿಮೆ ಮಾಡಿಸಿದವರು ಈ ಸಾಲನ್ನು ಎರಡು ಬಾರಿ ಓದಬೇಕು.

ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆಯನ್ನು ಕೇಂದ್ರ ಜಿ.ಎಸ್.ಟಿ. ಅಧಿನಿಯಮದ ಕಲಂ 17(5)(ಎಚ್) ಪ್ರಕಾರ ಹಿಂತಿರುಗಿಸಬೇಕಾಗುತ್ತದೆ. ಗೊಬ್ಬರ, ಸಿಮೆಂಟು, ಕಬ್ಬಿಣದ ವ್ಯಾಪಾರಿಗಳಿಗೆ ಇದು ಸಣ್ಣ ಮೊತ್ತವಲ್ಲ. ವಿಮಾ ಮೊತ್ತವನ್ನು ನಿಗದಿಪಡಿಸುವಾಗ ಹಿಂತಿರುಗಿಸಬೇಕಾದ ತೆರಿಗೆಯನ್ನೂ ಬೆಲೆಯಲ್ಲಿ ಸೇರಿಸಿ ಘೋಷಿಸಿದ್ದರೆ ಮಾತ್ರ ಅದನ್ನು ಕೇಳುವ ನೆಲೆ ದೊರೆಯುತ್ತದೆ.

ಸಂಘಸಂಸ್ಥೆಗಳಿಗೆ ಉಳಿಯುವ ಕೆಲಸ ಜಿಲ್ಲಾ ಯೋಜನೆಗೆ ಸಂಬಂಧಿಸಿದ್ದು. ಅಧಿನಿಯಮದ ಕಲಂ 31ರಂತೆ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಅದು ವರ್ಷಕ್ಕೊಮ್ಮೆ ಪರಿಷ್ಕೃತವಾಗಬೇಕು. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಲುಕಿ ಹೆಲಿಕಾಪ್ಟರ್ ಮೂಲಕ ಹೊರಬರಬೇಕಾದಾಗ, ನದಿಯ ನಡುಗಡ್ಡೆಯಲ್ಲಿ ಎಷ್ಟು ಹಾಸಿಗೆಗಳ ವಸತಿ ನಡೆಯುತ್ತಿದೆ ಎಂಬ ಲೆಕ್ಕ ಯೋಜನೆಗಿಂತ ವ್ಯಾಪಾರಿಗಳಿಗೇ ಚೆನ್ನಾಗಿ ಗೊತ್ತಿತ್ತು. ಅಲ್ಲಿನ ಅನಧಿಕೃತ ರೆಸಾರ್ಟುಗಳು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ ತೆರವಾದವು. ಅಂತೆಯೇ ಯಾವ ಕಾರ್ಯಾಗಾರದಲ್ಲಿ ಎಷ್ಟು ಟನ್ನಿನ ಕ್ರೇನಿದೆ, ಯಾರ ಬಳಿ ಎಷ್ಟು ಡೀಸೆಲ್ ಪಂಪುಗಳಿವೆ, ನದಿಗೆ ದೂರವಾದ ಯಾವ ಗೋದಾಮು ಖಾಲಿಯಿರುತ್ತದೆ ಎಂಬ ಪಟ್ಟಿಯನ್ನು ಪ್ರತಿ ಏಪ್ರಿಲ್‌ನಲ್ಲಿ, ಬಾಡಿಗೆ ದರಸಹಿತ, ಕೊಪ್ಪಳದ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಡಬಹುದು. ಪ್ರತಿಯಾಗಿ ಕೇಳಬೇಕಾದ ದಾಖಲೆಯೂ ಒಂದಿದೆ. 2021ರ ಅಧಿನಿಯಮದ ಕಲಂ 36ರಂತೆ ಹಳೆಯ ಅಣೆಕಟ್ಟೆಗಳಿಗೂ ತುರ್ತು ಕ್ರಿಯಾ ಯೋಜನೆಯನ್ನು ಅಧಿನಿಯಮ ಜಾರಿಯಾದ ಐದು ವರ್ಷಗಳೊಳಗೆ ಸಿದ್ಧಪಡಿಸಬೇಕು. ತುಂಗಭದ್ರೆಯ ಮಟ್ಟಿಗೆ ಅದರ ಗಡುವು 2026ರ ಡಿಸೆಂಬರ್ ಅಂತ್ಯ. ಎಷ್ಟು ಕ್ಯೂಸೆಕ್ ಹೊರಬಿಟ್ಟರೆ ನೀರು ಯಾವ ಊರಿನ ಯಾವ ರಸ್ತೆಯವರೆಗೆ ಬರುತ್ತದೆ ಎಂಬ ನಕ್ಷೆ ಇಂತಹ ಯೋಜನೆಯ ಮುಖ್ಯ ಭಾಗ. ಹೊಸ ಗೋದಾಮಿಗೆ ನಿವೇಶನ ಕೊಳ್ಳುವ ಮುನ್ನ ಖಾತೆ ಉತಾರದ ಜೊತೆಗೆ ಆ ನಕ್ಷೆಯನ್ನೂ ನೋಡುವಂತಾಗಬೇಕಾದರೆ, ಅದರ ಕನ್ನಡ ಪ್ರತಿಯೊಂದು ಕೊಪ್ಪಳ, ಗಂಗಾವತಿಗಳ ತಹಶೀಲ್ದಾರರ ಕಚೇರಿಯಲ್ಲಿ ಲಭ್ಯವಿರಬೇಕೆಂದು ಈಗಲೇ ಅರ್ಜಿ ಸಲ್ಲಿಸುವುದು ಸೂಕ್ತ.